ಆಸ್ಪತ್ರೆ ವಾಸನೆಯ ವಿಸ್ಕಿ

ಮೊದಲು ಹೆಸರಿನ ತಾಪತ್ರಯ ಮುಗಿಸಿಬಿಡೋಣ. ಬಾಟಲಿ ಮೇಲಿನ ಸ್ಪೆಲ್ಲಿಂಗ್ ನೋಡಿದರೆ 'ಲಾಫ್ರೋಎಗ್' ಅಂತಲೋ 'ಲಾಪ್ರಾಯಿಗ್' ಅಂತಲೋ ಓದಬೇಕು ಅನ್ಸುತ್ತೆ. ಅಲ್ಲಿನವರು ಹೇಳೋದು 'ಲಫ್ರಾಯ್ಗ್'. ಅದು ತಯಾರಾಗುವ ದ್ವೀಪವನ್ನು 'ಇಸ್ಲೇ' ಅಂತ ಬರೆದು 'ಐಲಾ' ಅಂತ ಕರೀತಾರೆ. ಗೇಲಿಕ್ ಭಾಷೆಯ ಹೆಸರುಗಳು. ಬೇಜಾರಾಗಬೇಡಿ, ನಮ್ಮ ತಂಡದ ಸ್ಕಾಟ್ ಹುಡುಗನಿಗೆ 'ತಿಪಟೂರು' ಅನ್ನೋಕೆ ನಾಲ್ಕು ತಿಂಗಳು ಬೇಕಾಯ್ತು.

ಕಳೆದ ಸಲ ಫಿಲ್ಟರ್ ಕಾಫಿ ಬಗ್ಗೆ ಬರೆದಾಗ ಗೆಳೆಯನೊಬ್ಬ, "ಕಾಫಿ ಆಯ್ತಲ್ಲ, ಮುಂದಿನದು ವಿಸ್ಕಿ ಬರಿ" ಅಂದ. ನಕ್ಕು ಸುಮ್ಮನಾದೆ. ನಮ್ಮ ಮನೆಯಲ್ಲಿ ಆ ವಿಷಯ ನಗುವಂಥದ್ದಲ್ಲ. ಯಾಕೆ ಅನ್ನೋದು ಮುಂದೆ ಬರುತ್ತೆ.

ಹೋದ ವರ್ಷ ಆನ್‌ಸೈಟ್ ಅಂತ ನಾಲ್ಕು ತಿಂಗಳು ಗ್ಲಾಸ್ಗೋದಲ್ಲಿದ್ದೆ. ಮಳೆ, ಬ್ರೆಡ್ಡು, ಸ್ಟ್ಯಾಂಡಪ್ ಮೀಟಿಂಗು. ವಾಪಸ್ ಬರೋದಕ್ಕೆ ಎರಡು ವಾರ ಇರುವಾಗ ಒಂದು ಶುಕ್ರವಾರ ರಜೆ ಹಾಕಿ ಕೆನಕ್ರೇಗ್‌ಗೆ ಬಸ್ ಹತ್ತಿದೆ. ಅಲ್ಲಿಂದ ಎರಡು ಗಂಟೆಗೂ ಮೀರಿದ ಹಡಗಿನ ಪ್ರಯಾಣ ಮಾಡಿದರೆ ಪೋರ್ಟ್ ಎಲೆನ್ ಅನ್ನೋ ಪುಟ್ಟ ಬಂದರು. ಇಡೀ ದ್ವೀಪದ ಜನಸಂಖ್ಯೆ ಸುಮಾರು 3,000, ಅಂದರೆ ನಮ್ಮ ಟೆಕ್ ಪಾರ್ಕಿನ ಒಂದು ಟವರ್‌ನಷ್ಟು. ಬಂದರಿನಿಂದ ಸಮುದ್ರದ ಪಕ್ಕದ ದಾರಿ ಹಿಡಿದು ನಡೆದರೆ ಸಾಲಾಗಿ ಮೂರು ಹಳೆಯ ಡಿಸ್ಟಿಲರಿಗಳು: ಲಫ್ರಾಯ್ಗ್, ಲಾಗವೂಲಿನ್, ಆರ್ಡ್‌ಬೆಗ್. ಮೊದಲನೆಯದೇ ನನ್ನದು. ಬಿಳಿ ಗೋಡೆ, ಅದರ ಮೇಲೆ ದೊಡ್ಡ ಕಪ್ಪು ಅಕ್ಷರದಲ್ಲಿ ಹೆಸರು, ಗೋಡೆ ಬುಡಕ್ಕೇ ಕಡಲು.

1815ರಲ್ಲಿ ಡೊನಾಲ್ಡ್ ಮತ್ತು ಅಲೆಕ್ಸಾಂಡರ್ ಜಾನ್‌ಸ್ಟನ್ ಅನ್ನೋ ಅಣ್ಣತಮ್ಮಂದಿರು ಶುರುಮಾಡಿದ ಜಾಗ ಇದು. 1847ರಲ್ಲಿ ಡೊನಾಲ್ಡ್ ತೀರಿಕೊಂಡ. ತನ್ನದೇ ಡಿಸ್ಟಿಲರಿಯ ಕುದಿಯುವ ತೊಟ್ಟಿಗೆ ಬಿದ್ದು ಸತ್ತ ಅಂತ ಅಲ್ಲಿ ಈಗಲೂ ಕಥೆ ಹೇಳ್ತಾರೆ. ಪ್ರವಾಸಿಗರು ನಗ್ತಾರೆ. ನಾನೂ ನಕ್ಕೆ.

ಮಾಡುವ ವಿಧಾನ ಸರಳ, ಆದರೆ ಅವಸರಕ್ಕೆ ಬಗ್ಗಲ್ಲ. ಬಾರ್ಲಿಯನ್ನು ನೆನೆಹಾಕಿ ನೆಲದ ಮೇಲೆ ಹರಡ್ತಾರೆ, ಥೇಟ್ ನಮ್ಮಮ್ಮ ರಾಗಿ ಮೊಳಕೆ ಕಟ್ಟೋ ಹಾಗೆ. ಮೊಳಕೆಯಲ್ಲಿ ಬಿಸಿ ಹುಟ್ಟಿ ಬೇರು ಹೆಣೆದುಕೊಳ್ಳದ ಹಾಗೆ ಆಗಾಗ ಮಗುಚಿ ಹಾಕಬೇಕು. ಬಹಳಷ್ಟು ಡಿಸ್ಟಿಲರಿಗಳು ಈ ಕೆಲಸವನ್ನು ಹೊರಗಿನ ಕಾರ್ಖಾನೆಗೆ ಬಿಟ್ಟುಬಿಟ್ಟಿವೆ. ಲಫ್ರಾಯ್ಗ್‌ನವರು ತಮಗೆ ಬೇಕಾದ ಮಾಲ್ಟ್‌ನ ಒಂದು ಪಾಲನ್ನು ಈಗಲೂ ಸ್ವಂತ ನೆಲದ ಮೇಲೇ ಮಾಡ್ತಾರೆ. ಆಮೇಲೆ ಮೊಳಕೆ ಒಣಗಿಸೋಕೆ ಕೆಳಗೆ ಬೆಂಕಿ ಹಾಕಬೇಕು. ಐಲಾದಲ್ಲಿ ಸೌದೆಗೆ ಮರವೇ ಕಡಿಮೆ. ಇರೋದು ಪೀಟ್. ಜೌಗು ನೆಲದ ಪಾಚಿ, ಗಿಡಗಂಟಿ ಸಾವಿರಾರು ವರ್ಷ ಕೊಳೆತು ಒತ್ತಿಕೊಂಡ ಕಪ್ಪು ಮಣ್ಣಿನ ಇಟ್ಟಿಗೆ. ತಿಪಟೂರು ಕಡೆ ತೆಂಗಿನ ಮಟ್ಟೆ ಸಿಗುತ್ತೆ, ನಾವು ಹಂಡೆ ಒಲೆಗೆ ಮಟ್ಟೆ ಹಾಕ್ತೀವಿ. ಅವರಿಗೆ ಪೀಟ್ ಸಿಕ್ಕಿತು, ಪೀಟ್ ಉರಿಸಿದರು. ಇವತ್ತು ಜಗತ್ತು ದುಡ್ಡು ಕೊಟ್ಟು ಕುಡಿಯೋ ಆ ಹೊಗೆ ಹುಟ್ಟಿದ್ದು ಹೀಗೆ, ಬೇರೆ ಸೌದೆ ಇಲ್ಲದ್ದರಿಂದ.

ಆ ಗೂಡಿನ ಬಾಗಿಲಲ್ಲಿ ನಿಂತಾಗ ನನಗೆ ಅಜ್ಜಿ ಮನೆಯ ಬಚ್ಚಲೇ ನೆನಪಾಯ್ತು. ಎಣ್ಣೆ ಸ್ನಾನದ ಭಾನುವಾರ, ಹೊಗೆಗೆ ಉರಿಯೋ ಕಣ್ಣು, ಹೊರಗಿನಿಂದ ಚಿಕ್ಕಪ್ಪನ ಕೂಗು, "ಬೇಗ ಬಾರೋ, ನೀರು ಖಾಲಿ ಮಾಡಬೇಡ." ಅಲ್ಲಿವರೆಗೂ ಎಲ್ಲ ಚೆನ್ನಾಗಿತ್ತು.

ಮುಂದಿನದು ನಿಮಗೂ ಗೊತ್ತಿರಬಹುದು. ಮಾಲ್ಟನ್ನು ಪುಡಿಮಾಡಿ ಬಿಸಿನೀರಲ್ಲಿ ಕಲಸಿ ಸಿಹಿ ತೆಗೆಯೋದು, ಯೀಸ್ಟ್ ಹಾಕಿ ಹುದುಗಿಸೋದು, ತಾಮ್ರದ ಸ್ಟಿಲ್‌ಗಳಲ್ಲಿ ಎರಡು ಸಲ ಬಟ್ಟಿ ಇಳಿಸೋದು. ಇಲ್ಲಿ ಒಟ್ಟು ಏಳು ಸ್ಟಿಲ್. ಬಂದದ್ದನ್ನು ಓಕ್ ಪೀಪಾಯಿಗೆ ತುಂಬಿ ಕಾಯಬೇಕು. ಸ್ಕಾಚ್ ಅನ್ನಿಸಿಕೊಳ್ಳಬೇಕಾದರೆ ಕಾನೂನು ಪ್ರಕಾರ ಕನಿಷ್ಠ 3 ವರ್ಷ. ನಾನು ರುಚಿ ನೋಡಿದ್ದು 10 ವರ್ಷದ್ದು, ಅಮೆರಿಕದ ಬರ್ಬನ್ ಇದ್ದ ಪೀಪಾಯಿಯಲ್ಲಿ ಮಲಗಿದ್ದು.

ನನಗೆ ಹೆಚ್ಚು ಇಷ್ಟವಾದದ್ದು ಎರಡು ಕಥೆ. ಮೊದಲನೆಯದು ನಮ್ಮ ವೃತ್ತಿಯವರಿಗೆ. ಪಕ್ಕದ ಲಾಗವೂಲಿನ್‌ನ ಪೀಟರ್ ಮ್ಯಾಕಿ ಬಹಳ ವರ್ಷ ಲಫ್ರಾಯ್ಗ್‌ನ ಮಾರಾಟದ ಏಜೆಂಟ್ ಆಗಿದ್ದವನು. ಏಜೆನ್ಸಿ ಕೈತಪ್ಪಿದಾಗ ಕೋರ್ಟಿಗೆ ಹೋದ, ಸೋತ, ಸಿಟ್ಟಿಗೆ ಇವರಿಗೆ ಬರುವ ನೀರನ್ನೇ ತಡೆದ. ಅದೂ ನಡೆಯಲಿಲ್ಲ. ಕೊನೆಗೆ 1908ರಲ್ಲಿ ತನ್ನ ಜಾಗದಲ್ಲೇ 'ಮಾಲ್ಟ್ ಮಿಲ್' ಅನ್ನೋ ಡಿಸ್ಟಿಲರಿ ಕಟ್ಟಿ, ಅದೇ ಮಾದರಿಯ ಸ್ಟಿಲ್ ಹಾಕಿಸಿ, ಲಫ್ರಾಯ್ಗ್‌ನ ನಕಲು ತೆಗೆಯೋಕೆ ಹೊರಟ. ಅದೇ ಕೋಡು, ಅದೇ ಆರ್ಕಿಟೆಕ್ಚರು, ಸ್ವಲ್ಪ ಆಚೆಗಿನ ಸರ್ವರ್. ಔಟ್‌ಪುಟ್ ಮಾತ್ರ ಬೇರೆ. 1960ರ ದಶಕದ ಆರಂಭದಲ್ಲಿ ಮಾಲ್ಟ್ ಮಿಲ್ ಮುಚ್ಚಿತು. 'ನನ್ನ ಮಷೀನ್‌ನಲ್ಲಿ ಸರಿಯಾಗಿ ಓಡ್ತಿದೆ' ಅನ್ನೋ ವಾದದ ನೂರು ವರ್ಷ ಹಳೇ ಉದಾಹರಣೆ ಇದು.

ಎರಡನೆಯದು ಬೆಸ್ಸಿ ವಿಲಿಯಮ್ಸನ್ ಕಥೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಪದವೀಧರೆ. 1934ರ ಬೇಸಿಗೆಯಲ್ಲಿ ಮೂರು ತಿಂಗಳ ತಾತ್ಕಾಲಿಕ ಟೈಪಿಸ್ಟ್ ಕೆಲಸಕ್ಕೆ ಬಂದವಳು, ಉಳಿದದ್ದು ಹೆಚ್ಚೂಕಡಿಮೆ 40 ವರ್ಷ. ಮಾಲೀಕ ಇಯಾನ್ ಹಂಟರ್ ಮಹಾ ಗುಟ್ಟಿನ ಮನುಷ್ಯ, ಯಾರಿಗೂ ತಯಾರಿಕೆಯ ಮರ್ಮ ಬಿಟ್ಟುಕೊಡದವನು. ಅವನಿಗೆ ಪಾರ್ಶ್ವವಾಯು ಬಡಿದ ಮೇಲೆ ವ್ಯವಹಾರವೆಲ್ಲ ಬೆಸ್ಸಿಯ ಹೆಗಲಿಗೆ ಬಂತು. 1954ರಲ್ಲಿ ಅವನು ತೀರಿಕೊಂಡಾಗ ಡಿಸ್ಟಿಲರಿಯನ್ನು ಅವಳ ಹೆಸರಿಗೇ ಬರೆದಿದ್ದ. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಸ್ಕಾಚ್ ಡಿಸ್ಟಿಲರಿಯೊಂದನ್ನು ನಡೆಸಿದ ಹೆಂಗಸು. 'ಕಾಂಟ್ರ್ಯಾಕ್ಟ್ ಟು ಹೈರ್' ಅಂತ ಸೇರಿಕೊಂಡು ಮೂಲೆ ಸೀಟಲ್ಲಿ ಕೂತಿರೋರು ಯಾರಾದರೂ ಇದನ್ನ ಓದ್ತಿದ್ದರೆ, ಅವರಿಗಾಗಿ.

ಈಗ ರುಚಿಗೆ ಬರೋಣ.

ಟುಲಿಪ್ ಹೂವಿನ ಆಕಾರದ ಪುಟ್ಟ ಗ್ಲಾಸು. ತಳದಲ್ಲಿ ಒಂದಿಷ್ಟು ಹೊನ್ನಿನ ಬಣ್ಣ. ಗೈಡ್ ಹೇಳಿಕೊಟ್ಟ ಹಾಗೆ ಬಾಯಿ ಸ್ವಲ್ಪ ತೆರೆದು ಮೂಗಿನ ಹತ್ತಿರ ತಂದೆ.

ಹೊಗೆ ಅಲ್ಲ, ಹಂಡೆ ಒಲೆ ಅಲ್ಲ. ಬಂದದ್ದು ವಾರ್ಡಿನ ವಾಸನೆ.

ಟಿಂಚರ್, ಡೆಟ್ಟಾಲ್, ಒರೆಸಿದ ನೆಲದ ಫಿನಾಯಿಲ್. 2006ರ ಮಳೆಗಾಲದಲ್ಲಿ ನಾನು ಹನ್ನೆರಡು ವರ್ಷದ ಹುಡುಗ. ಸರ್ಕಾರಿ ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಹೊಟ್ಟೆ ಊದಿಕೊಂಡು, ಕಣ್ಣು ಅರಿಶಿನವಾಗಿ ಚಿಕ್ಕಪ್ಪ ಮಲಗಿದ್ದರು. ನಾನು ಟಿಫಿನ್ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸಾರಾಯಿ ಪ್ಯಾಕೆಟ್. ಮೂವತ್ತೆಂಟನೇ ವಯಸ್ಸಿಗೆ ಮುಗಿಯಿತು. ಮರುವರ್ಷ, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯ್ತು. ಟಿವಿಯಲ್ಲಿ ಆ ಸುದ್ದಿ ಬಂದಾಗ ಅಪ್ಪ ಎದ್ದು ಹೊರಗೆ ಹೋದದ್ದು ನೆನಪಿದೆ.

ಗ್ಲಾಸನ್ನು ಟೇಬಲ್ ಮೇಲೆ ಇಟ್ಟೆ. ಗೈಡ್ ನಕ್ಕಳು. "ಅರ್ಧ ಜನ ಹೀಗೇ ಮಾಡ್ತಾರೆ. ಆಸ್ಪತ್ರೆ ಅಲ್ವಾ?" ಇವರ ವಿಸ್ಕಿಯನ್ನು ಜನ ಬೈದದ್ದನ್ನೇ ಇವರು ಜಾಹೀರಾತು ಮಾಡಿಕೊಂಡಿದ್ದಾರಂತೆ. ಅಮೆರಿಕದಲ್ಲಿ ಪಾನನಿಷೇಧ ಇದ್ದ ಕಾಲದಲ್ಲಿ ಈ ಅಯೋಡಿನ್ ವಾಸನೆ ತೋರಿಸಿಯೇ 'ಔಷಧಿ' ಅಂತ ಅಧಿಕಾರಿಗಳನ್ನು ಒಪ್ಪಿಸಿದರು ಅನ್ನೋ ಕಥೆಯೂ ಇದೆ.

ಅದು ಬರೀ ನೆನಪಿನ ಆಟ ಅಲ್ಲ ಅಂತ ಆಮೇಲೆ ಓದಿ ತಿಳಿದೆ. ಪೀಟ್ ಹೊಗೆಯಲ್ಲಿ ಇರೋದು ಫೀನಾಲ್ ಗುಂಪಿನ ರಾಸಾಯನಿಕಗಳು: ಫೀನಾಲ್, ಕ್ರೆಸಾಲ್, ಗ್ವಾಯಕಾಲ್. 1865ರಲ್ಲಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಅನ್ನೋ ಸರ್ಜನ್ ಗಾಯ ಕೊಳೆಯದಂತೆ ಹಚ್ಚಿದ ಕಾರ್ಬಾಲಿಕ್ ಆಸಿಡ್ ಅಂದರೆ ಇದೇ ಫೀನಾಲ್. ಆಸ್ಪತ್ರೆಗೆ ಆಸ್ಪತ್ರೆ ವಾಸನೆ ಬರೋಕೆ ಶುರುವಾದದ್ದೇ ಹೆಚ್ಚುಕಡಿಮೆ ಅಲ್ಲಿಂದ. ಡೆಟ್ಟಾಲ್‌ನ ಮುಖ್ಯ ಅಂಶವೂ ಅದೇ ವಂಶದ್ದು. ಲಫ್ರಾಯ್ಗ್ ಮಾಲ್ಟ್‌ನಲ್ಲಿ ಈ ಫೀನಾಲ್‌ಗಳ ಪ್ರಮಾಣ ಸುಮಾರು 40ರಿಂದ 45 ಪಿಪಿಎಂ. ನನ್ನ ಮೂಗು ತಪ್ಪು ಹೇಳಿರಲಿಲ್ಲ.

ಅವತ್ತು ಕುಡಿಯಲಿಲ್ಲ. ಆದರೆ ಯಾಕೋ ಒಂದು ಬಾಟಲಿ ತಗೊಂಡೆ.

ಇಲ್ಲೊಂದು ಮಾತು ಒಪ್ಪಿಕೊಂಡುಬಿಡ್ತೀನಿ. ನಾನು ಕುಡಿಯದವನಲ್ಲ. ಕೆಲಸಕ್ಕೆ ಸೇರಿದ ಮೇಲೆ ಶುಕ್ರವಾರದ ಬಿಯರ್ ಶುರುವಾಯ್ತು. ಎರಡು ವರ್ಷದ ಹಿಂದೆ ಒಂದು ದೊಡ್ಡ ರಿಲೀಸ್ ಹೊತ್ತಲ್ಲಿ ಶುಕ್ರವಾರ ಬುಧವಾರಕ್ಕೆ ಬಂತು. ಆಮೇಲೆ ವಾರಕ್ಕೆ ಹೆಸರೇ ಬೇಡವಾಯ್ತು. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಎರಡು ಪೆಗ್. ರುಚಿ ಯಾರಿಗೆ ಬೇಕು, ನಿದ್ದೆ ಬಂದರೆ ಸಾಕು. ಒಂದಿನ ರದ್ದಿಯವನು ಬಾಟಲಿ ಎಣಿಸಿ, "ಸಾರ್, ದೊಡ್ಡ ಪಾರ್ಟಿನಾ?" ಅಂದ. ಹನ್ನೊಂದು ಬಾಟಲಿ. ಪಾರ್ಟಿ ಇರಲಿಲ್ಲ. ನಾನೊಬ್ಬನೇ ಇದ್ದದ್ದು. ಅವತ್ತು ನಿಲ್ಲಿಸಿದೆ, ಐದು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಐಲಾಗೆ ಹೋದದ್ದು ಅದಾದ ಮೇಲೆ. ರುಚಿ ನೋಡೋದು ಬೇರೆ, ಕುಡಿಯೋದು ಬೇರೆ ಅಂತ ನನಗೆ ನಾನೇ ಸಾಬೀತು ಮಾಡಿಕೊಳ್ಳೋ ಹಟ ಇತ್ತು ಅನ್ಸುತ್ತೆ.

ಬೆಂಗಳೂರಿಗೆ ಬಂದ ತಿಂಗಳಿಗೆ ಅಪ್ಪ ಅಮ್ಮ ಬಂದರು. ಅಪ್ಪನ ಬಿಪಿ ಚೆಕಪ್ ಇತ್ತು. ಅವರು ಬರೋ ಹಿಂದಿನ ರಾತ್ರಿ ಸೀಲ್ ಕೂಡ ಒಡೆಯದ ಆ ಬಾಟಲಿಯನ್ನು ಅಟ್ಟದ ಮೇಲಿನ ವಾಷಿಂಗ್ ಮಷೀನ್ ಡಬ್ಬದೊಳಗೆ ಬಚ್ಚಿಟ್ಟೆ. ಮೂವತ್ತು ವರ್ಷ ವಯಸ್ಸು, ಫ್ಲ್ಯಾಟಿನ ಇಎಂಐ ಕಟ್ಟೋನು, ಸ್ಟೂಲ್ ಮೇಲೆ ನಿಂತು ಬಾಟಲಿ ಬಚ್ಚಿಡ್ತಿದ್ದೀನಿ. ಇಳಿಯುವಾಗ ಹೊಳೀತು. ಚಿಕ್ಕಪ್ಪನೂ ಪ್ಯಾಕೆಟ್‌ಗಳನ್ನು ರಾಗಿ ಮೂಟೆ ಸಂದಿಯಲ್ಲಿ ಇಡ್ತಿದ್ದರು. ಅಜ್ಜಿ ಹುಡುಕಿ ಹುಡುಕಿ ಬಚ್ಚಲಿಗೆ ಸುರೀತಿದ್ದಳು.

ಮತ್ತೆ ಹತ್ತಿ ತೆಗೆದೆ. ಪುಸ್ತಕದ ಶೆಲ್ಫ್ ಮೇಲೆ, ಎಲ್ಲರಿಗೂ ಕಾಣೋ ಹಾಗೆ ಇಟ್ಟೆ.

ಅಮ್ಮ ಮೊದಲು ನೋಡಿದಳು. ಏನೂ ಅನ್ನಲಿಲ್ಲ, ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜೋರಾಯ್ತು. ಊಟ ಆದ ಮೇಲೆ ಅಪ್ಪ ಕೇಳಿದರು. "ಎಷ್ಟು ಕುಡೀತೀಯ?"

ಸುಳ್ಳು ಹೇಳಲಿಲ್ಲ. ಹನ್ನೊಂದು ಬಾಟಲಿ, ರದ್ದಿಯವನು, ಐದು ತಿಂಗಳು, ಐಲಾದ ವಾರ್ಡಿನ ವಾಸನೆ, ಎಲ್ಲ ಹೇಳಿದೆ. ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು, ಮಾತು ಕಮ್ಮಿ. "ತೆಗಿ, ವಾಸನೆ ನೋಡ್ತೀನಿ" ಅಂದರು. ಸೀಲ್ ಒಡೆದೆ. ಸ್ಟೀಲ್ ಲೋಟಕ್ಕೆ ಒಂದಿಷ್ಟು ಹಾಕಿಕೊಟ್ಟೆ. ಮೂಗಿಗೆ ಹಿಡಿದು ಬಹಳ ಹೊತ್ತು ಕೂತರು.

"ಹೌದು. ಅದೇ ವಾರ್ಡು."

ಆಮೇಲೆ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಹೇಳದ್ದನ್ನು ಹೇಳಿದರು. ಕೊನೇ ಸಲ ಆಸ್ಪತ್ರೆಗೆ ಸೇರೋ ಹಿಂದಿನ ಸಂಜೆ ಚಿಕ್ಕಪ್ಪ ಇಪ್ಪತ್ತು ರೂಪಾಯಿ ಕೇಳಿದರಂತೆ. ಕೈ ನಡುಗ್ತಿತ್ತಂತೆ. ಅಪ್ಪ ಕೊಟ್ಟರಂತೆ. "ಕೊಡದಿದ್ದರೆ ಬೇರೆ ಕಡೆ ಬೇಡ್ತಾನೆ ಅಂತ ಕೊಟ್ಟೆ. ಯಾರಿಗೂ ಹೇಳಿಲ್ಲ. ನಿಮ್ಮಜ್ಜಿಗೂ ಹೇಳಲಿಲ್ಲ." ಲೋಟ ನನ್ನ ಕಡೆ ತಳ್ಳಿದರು. ಅಮ್ಮ ಬಂದು ಪಕ್ಕದಲ್ಲಿ ಕೂತಳು. ನಾನು ಏನು ಹೇಳಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ. ಆ ಲೋಟದಲ್ಲಿದ್ದದ್ದನ್ನು ಯಾರೂ ಮುಟ್ಟಲಿಲ್ಲ, ಬೆಳಗ್ಗೆ ಅಮ್ಮ ಚೆಲ್ಲಿದಳು.

ನಾನು ಲಫ್ರಾಯ್ಗ್ ರುಚಿ ನೋಡಿದ್ದು ಅವರು ಊರಿಗೆ ಹೋದ ಮೇಲೆ, ಒಂದು ಭಾನುವಾರ ಸಂಜೆ. ಮೊಬೈಲ್ ಬೇರೆ ಕೋಣೆಯಲ್ಲಿಟ್ಟು, ಅಳತೆ ಮಾಡಿ 30 ಎಂಎಲ್.

ಮೊದಲು ವಾರ್ಡು ಬಂತು, ಬರಲಿ ಅಂತ ಬಿಟ್ಟೆ. ಎರಡು ನಿಮಿಷ ಕಾದರೆ ಅದು ಪಕ್ಕಕ್ಕೆ ಸರಿದು ಹೊಗೆ ಬರುತ್ತೆ. ಹೊಗೆಯ ಹಿಂದೆ ಉಪ್ಪು, ಒದ್ದೆ ಹಗ್ಗ, ಮಲ್ಪೆ ಬಂದರಿನ ಗಾಳಿ. ಇನ್ನೂ ಕಾದರೆ ಕೆಳಗೆಲ್ಲೋ ವೆನಿಲಾ, ತಳ ಹಿಡಿದ ಬೆಲ್ಲದ ಪಾಕ. ಅದು ಬರ್ಬನ್ ಪೀಪಾಯಿ ಕೊಟ್ಟದ್ದು. ಬಾಯಿಗೆ ಇಟ್ಟಾಗ ಆಶ್ಚರ್ಯ, ಮೊದಲು ಸಿಹಿ! ಆಮೇಲೆ ಮೆಣಸು, ಆಮೇಲೆ ಬೂದಿ. ನುಂಗಿ ಹತ್ತು ನಿಮಿಷ ಆದರೂ ಗಂಟಲಲ್ಲಿ ಒಲೆ ಆರಿದ ವಾಸನೆ ಉಳಿದಿತ್ತು.

ಮೂರು ನಾಲ್ಕು ಹನಿ ನೀರು ಹಾಕಿ ನೋಡಿ ಅಂತ ತಿಳಿದವರು ಹೇಳ್ತಾರೆ. ಅದು ಬರೀ ಶೋಕಿ ಅಲ್ಲ. 2017ರಲ್ಲಿ ಸ್ವೀಡನ್‌ನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಸಿಮ್ಯುಲೇಶನ್ ಮಾಡಿ ತೋರಿಸಿದರು: ನೀರು ಸೇರಿ ಆಲ್ಕೋಹಾಲ್ ಪ್ರಮಾಣ ಇಳಿದಾಗ ಹೊಗೆ ರುಚಿಯ ಗ್ವಾಯಕಾಲ್ ಅಣುಗಳು ದ್ರವದ ಮೇಲ್ಮೈಗೆ ಬಂದು ಕೂರ್ತವೆ, ಮೂಗಿಗೆ ಹತ್ತಿರವಾಗ್ತವೆ. ನನಗೆ ನೀರು ಹಾಕಿದ ಮೇಲೇ ಅಜ್ಜಿ ಬಚ್ಚಲ ಒಲೆ ಸಿಕ್ಕಿದ್ದು.

ಪೀಪಾಯಿ ಬಗ್ಗೆ ಇನ್ನೊಂದು ಸಂಗತಿ ಬೆಂಗಳೂರಿನವರಿಗೆ. ಪೀಪಾಯಿಯಿಂದ ಪ್ರತಿ ವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತೆ, ಅದನ್ನು 'ದೇವತೆಗಳ ಪಾಲು' ಅಂತಾರೆ. ಸ್ಕಾಟ್ಲೆಂಡ್‌ನಲ್ಲಿ ಸುಮಾರು ಶೇ 2. ನಮ್ಮ ಮೈಸೂರು ರಸ್ತೆ ಪಕ್ಕದ ಅಮೃತ್ ಡಿಸ್ಟಿಲರಿಯಲ್ಲಿ ಶೇ 10-12. ಲೆಕ್ಕ ಹಾಕಿ: ಹತ್ತು ವರ್ಷಕ್ಕೆ ಅಲ್ಲಿ ಐದರಲ್ಲಿ ನಾಲ್ಕು ಪಾಲು ಉಳಿದರೆ, ಇಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಒಂದು. ನಮ್ಮ ದೇವತೆಗಳಿಗೆ ಬಾಯಾರಿಕೆ ಜಾಸ್ತಿ! ಅದಕ್ಕೇ ಇಲ್ಲಿ ವಿಸ್ಕಿ ಬೇಗ ಮಾಗುತ್ತೆ, ಬೇಗ ಹೊರಗೆ ಬರುತ್ತೆ. ಅದೇ ಅಮೃತ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತಾ? ಗ್ಲಾಸ್ಗೋದಲ್ಲಿ. ಅವರ 'ಫ್ಯೂಷನ್'ನಲ್ಲಿ ನಮ್ಮ ಬಾರ್ಲಿ ಜೊತೆ ಪೀಟ್ ಹೊಗೆ ಹಿಡಿದ ಸ್ಕಾಟ್ಲೆಂಡ್ ಬಾರ್ಲಿ ಸೇರಿರುತ್ತೆ.

ಇಷ್ಟೆಲ್ಲ ಬರೆದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಟುಲಿಪ್ ಗ್ಲಾಸು, 'ವೆನಿಲಾ', 'ಒದ್ದೆ ಹಗ್ಗ' ಅನ್ನೋ ಮಾತು, ಇವೆಲ್ಲ ಚಿಕ್ಕಪ್ಪನ ಪ್ಯಾಕೆಟ್‌ಗೆ ನಾನು ತೊಡಿಸಿದ ಒಳ್ಳೆ ಶರ್ಟಾ? ಪೂರ್ತಿ ಅಲ್ಲ ಅಂತ ಹೇಳೋ ಧೈರ್ಯ ನನಗಿಲ್ಲ. ಲಿವರ್‌ಗೆ ಲೇಬಲ್ ಓದೋಕೆ ಬರಲ್ಲ. ಹತ್ತು ವರ್ಷ ಮಾಗಿದರೂ ಅದು ಎಥನಾಲೇ. ಕುಡಿತಕ್ಕೆ 'ಸುರಕ್ಷಿತ ಪ್ರಮಾಣ' ಅಂತ ಒಂದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗೇ ಹೇಳಿದೆ. ಕುಡಿಯದವರು ಈ ಅಂಕಣ ಓದಿ ಶುರು ಮಾಡಬೇಡಿ, ದಯವಿಟ್ಟು. ಬಚ್ಚಲ ಒಲೆ ಹತ್ತಿರ ಕೂತರೆ ಅರ್ಧ ಲಫ್ರಾಯ್ಗ್ ಪುಕ್ಕಟೆ ಸಿಗುತ್ತೆ. ಕುಡಿಯೋರಿಗೆ ನನ್ನ ಅನುಭವದ ಮೂರೇ ಮಾತು: ಅಳೆದು ಹಾಕಿಕೊಳ್ಳಿ. ನಿದ್ದೆಗೋಸ್ಕರ ಬೇಡ. ಬಚ್ಚಿಡಬೇಕು ಅನ್ಸಿದ ದಿನ ಯಾರಿಗಾದರೂ ಹೇಳಿ, ಡಾಕ್ಟರಿಗೇ ಹೇಳಿದರೆ ಇನ್ನೂ ಒಳ್ಳೇದು.

ಆ ಬಾಟಲಿ ಈಗಲೂ ಶೆಲ್ಫ್ ಮೇಲೇ ಇದೆ, ಅರ್ಧಕ್ಕಿಂತ ಮೇಲೆ. ಊರಿಗೆ ಹೊರಡುವಾಗ ಅಪ್ಪ ಒಂದು ಷರತ್ತು ಹಾಕಿದ್ದರು. ಅದರಂತೆ ಪ್ರತಿ ತಿಂಗಳ ಮೊದಲ ಭಾನುವಾರ ಲೇಬಲ್ ಪಕ್ಕ ಪೆನ್ನಿನಲ್ಲಿ ಗೆರೆ ಎಳೆದು, ತಾರೀಕು ಬರೆದು, ಫೋಟೋ ತೆಗೆದು ಅವರಿಗೆ ವಾಟ್ಸಾಪ್ ಮಾಡ್ತೀನಿ. ಯಾವ ಮ್ಯಾನೇಜರ್‌ಗೂ ಇಷ್ಟು ಶ್ರದ್ಧೆಯಿಂದ ಸ್ಟೇಟಸ್ ಅಪ್‌ಡೇಟ್ ಕೊಟ್ಟವನಲ್ಲ ನಾನು. ಈ ತಿಂಗಳು ಕಳಿಸಿದ್ದಕ್ಕೆ ಉತ್ತರ ಬರೋಕೆ ಮಧ್ಯಾಹ್ನ ಆಯ್ತು. ಅಪ್ಪ ಫೋಟೋ ದೊಡ್ಡದು ಮಾಡಿ ನೋಡಿರಬೇಕು.

"ಗೆರೆ ಸೊಟ್ಟಗಿದೆ. ಮುಂದಿನ ಸಲ ಸ್ಕೇಲ್ ಇಟ್ಕೊಂಡು ಎಳಿ" ಅಂತ ಬರೆದಿದ್ದರು.